31 ವಾರಕ್ಕೆ ಹುಟ್ಟಿದ ಅವಳಿ ಮಕ್ಕಳು ಎನ್‌ಐಸಿಯುನಲ್ಲಿದ್ದಾರೆ. ಅಪ್ಪ ಅಮ್ಮ ಆಗಿ ನಾವು ಏನು ಮಾಡಬಹುದು?

ಹೊಸನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ನಮಗೆ ಅವಳಿ ಮಕ್ಕಳು ಹುಟ್ಟಿದ್ದಾರೆ. ಒಂದು ಗಂಡು, ಒಂದು ಹೆಣ್ಣು. 31 ವಾರಕ್ಕೇ ಹೆರಿಗೆ ಮಾಡಿಸಬೇಕಾಯಿತು. ಮಗ 1,450 ಗ್ರಾಂ, ಮಗಳು 1,120 ಗ್ರಾಂ. ಇಬ್ಬರೂ ಶಿವಮೊಗ್ಗದಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಒಳಗಿದ್ದಾರೆ. ಮಗನಿಗೆ ಮೂಗಿಗೆ ಸಣ್ಣ ನಳಿಗೆ ಇಟ್ಟು ಸಿ-ಪ್ಯಾಪ್, ಅಂದರೆ ಉಸಿರಿಗೆ ಸಹಾಯವಾಗಿ ಒತ್ತಡದ ಗಾಳಿ, ಕೊಡುತ್ತಿದ್ದಾರೆ. ಮಗಳು ವೆಂಟಿಲೇಟರ್ ಮೇಲಿದ್ದಾಳೆ. ಅವಳ ಶ್ವಾಸಕೋಶಕ್ಕೆ ಸರ್ಫ್ಯಾಕ್ಟಂಟ್ ಅನ್ನುವ ಔಷಧಿ ಹಾಕಿದ್ದೇವೆ ಅಂದರು.

ನನ್ನ ಹೆಂಡತಿಗೆ ಸಿಸೇರಿಯನ್ ಆಗಿದೆ. ಮೇಲಿನ ವಾರ್ಡಿನಲ್ಲಿದ್ದಾಳೆ. ಹಾಲು ಹಿಂಡಿದರೆ ನಾಲ್ಕು ಹನಿ ಬರುತ್ತದೆ, ಅದನ್ನು ನೋಡಿ ಇನ್ನೂ ಅಳುತ್ತಾಳೆ. "ನಾನು ಏನೋ ತಪ್ಪು ಮಾಡಿದೆ, ಅದಕ್ಕೇ ಮಕ್ಕಳು ಬೇಗ ಬಂದವು" ಅಂತಾಳೆ. ಅವಳ ತವರು ನಿಟ್ಟೂರಿನ ಕಡೆ. ಡಿಸ್ಚಾರ್ಜ್ ಆದ ಕೂಡಲೇ ಬಾಣಂತನಕ್ಕೆ ಕರೆದುಕೊಂಡು ಹೋಗುತ್ತೇನೆ, ಮಕ್ಕಳನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ, ಇವಳು ಇಲ್ಲಿ ಕೂತು ಏನು ಮಾಡುತ್ತಾಳೆ ಅಂತ ಅತ್ತೆ ಹೇಳುತ್ತಿದ್ದಾರೆ. ಇನ್ನು ಕೆಲವರು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ. ನನಗೆ ಯಾವುದೂ ತಿಳಿಯುತ್ತಿಲ್ಲ. ಗಾಜಿನ ಹೊರಗೆ ನಿಲ್ಲುವುದು ಬಿಟ್ಟು ಬೇರೆ ಏನಾದರೂ ಮಾಡಲು ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತುಮರಿ ಅಕ್ಕ

ತಮ್ಮಾ, ಮೊದಲು ನಿಮ್ಮ ಹೆಂಡತಿಗೆ ಇದನ್ನು ಓದಿ ಹೇಳಿ. ಅವಳಿ ಬಸಿರಿನಲ್ಲಿ ಅರ್ಧಕ್ಕೂ ಜಾಸ್ತಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಪಪ್ಪಾಯಿ ತಿಂದಿದ್ದಕ್ಕಲ್ಲ, ಮೆಟ್ಟಿಲು ಹತ್ತಿದ್ದಕ್ಕಲ್ಲ, ಬಸ್ಸಿನಲ್ಲಿ ಓಡಾಡಿದ್ದಕ್ಕಲ್ಲ. ಯಾರು ಏನೇ ಹೇಳಲಿ, ಅವರ ತಪ್ಪು ಇದರಲ್ಲಿ ಇಲ್ಲ.

ನನ್ನ ಅವಳಿಗಳು ಈಗ ಶಾಲೆಗೆ ಹೋಗುತ್ತಾರೆ. ಅವರೂ ತಿಂಗಳು ತುಂಬದೆ ಹುಟ್ಟಿದವರು. ನಮ್ಮೂರು ಶರಾವತಿ ಹಿನ್ನೀರಿನ ಆಚೆ. ಆಗ ಸಿಗಂದೂರಿನ ಸೇತುವೆ ಆಗಿರಲಿಲ್ಲ, ಅದು ತೆರೆದದ್ದು 2025ರ ಜುಲೈನಲ್ಲಿ. ಹೊಳೆಬಾಗಿಲಿಗೆ ಬಂದು ಲಾಂಚ್ ಹತ್ತಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಮನೆಗೆ ಹೋದರೆ ರಾತ್ರಿ ಮಕ್ಕಳಿಗೆ ಏನಾದರೂ ಆದರೆ ಬರುವ ದಾರಿಯೇ ಇಲ್ಲ ಅಂತ ನಾನು ಹಟ ಹಿಡಿದು ಶಿವಮೊಗ್ಗದಲ್ಲೇ ಉಳಿದೆ. ಉಳಿದ ಮೇಲೆ ಗೊತ್ತಾಯಿತು, ಅಮ್ಮನಿಗೆ ಅಲ್ಲಿ ದಿನವಿಡೀ ಕೆಲಸ ಇದೆ ಅಂತ. ಹಾಲು ಕೊಡಬೇಕು, ಎದೆಯ ಮೇಲೆ ಮಲಗಿಸಿಕೊಳ್ಳಬೇಕು, ಡಯಾಪರ್ ಬದಲಾಯಿಸಬೇಕು, ಮುಟ್ಟಬೇಕು, ಮಾತಾಡಬೇಕು. ಯಂತ್ರ ಉಸಿರು ಕೊಡುತ್ತದೆ, ಡಾಕ್ಟರ್ ಔಷಧಿ ಕೊಡುತ್ತಾರೆ. ಈ ಉಳಿದ ಭಾಗ ನಿಮ್ಮದು. ನೀವು ಅಲ್ಲಿಗೆ ನೋಡಿಕೊಂಡು ಹೋಗಲು ಬಂದ ನೆಂಟರಲ್ಲ.

ನಾಲ್ಕು ಹನಿ ಹಾಲು ಅಂದಿರಲ್ವಾ? ಆ ನಾಲ್ಕು ಹನಿಯನ್ನು ಚೆಲ್ಲಬೇಡಿ. ಮೊದಲ ದಿನಗಳಲ್ಲಿ ಎಲ್ಲರಿಗೂ ಅಷ್ಟೇ ಬರುವುದು. ಗಿಣ್ಣು ಹಾಲು ಅದು. ಮಗುವಿನ ಕೆನ್ನೆಯ ಒಳಗೆ ಹಚ್ಚಲು ಅಷ್ಟು ಸಾಕು. ನನಗೆ ಸಿಸ್ಟರ್ ಒಬ್ಬರು ಸಿರಿಂಜಿನಲ್ಲಿ ಎಳೆದು ತೋರಿಸಿ, "ಇದು ಇಬ್ಬರಿಗೂ ಆಗುತ್ತದೆ" ಅಂದಿದ್ದರು. ಅವತ್ತು ನನಗೆ ಬಂದ ಧೈರ್ಯ ಇನ್ನೂ ನೆನಪಿದೆ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ತುಮರಿಯವರು ಸರಿಯಾಗಿ ಹೇಳಿದ್ದಾರೆ. ನಾನು ನವಜಾತ ಶಿಶು ಘಟಕದಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ಹಾಲಿನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಮಕ್ಕಳಿಗೆ ಅದು ಆಹಾರಕ್ಕಿಂತ ಹೆಚ್ಚು. ತಿಂಗಳು ತುಂಬದ ಮಕ್ಕಳ ಕರುಳು ಎಳೆಯದು. ಅದಕ್ಕೆ ಊತ ಬಂದು ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ. ತಾಯಿಯ ಹಾಲು ಕುಡಿದ ಮಕ್ಕಳಲ್ಲಿ ಅದು ಕಡಿಮೆ.

ಮಗು ಚೀಪದಿದ್ದರೂ ಎದೆಗೆ ಮಗು ಚೀಪುತ್ತಿದೆ ಅಂತ ಅನ್ನಿಸಬೇಕು. ಅದಕ್ಕೆ ಎರಡು ಮೂರು ಗಂಟೆಗೊಮ್ಮೆ ಹಿಂಡಬೇಕು. ದಿನಕ್ಕೆ ಎಂಟು ಸಲಕ್ಕೆ ಕಡಿಮೆ ಆಗಬಾರದು. ರಾತ್ರಿ ಒಂದು ಸಲವಾದರೂ ಏಳಬೇಕು. ಕೈಯನ್ನು ಸೋಪಿನಿಂದ ತೊಳೆದು, ಎದೆಯನ್ನು ಮೃದುವಾಗಿ ನೀವಿ, ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿಟ್ಟು, ಹಿಂದಕ್ಕೆ ಒತ್ತಿ ಆಮೇಲೆ ಹಿಂಡಬೇಕು. ತೊಟ್ಟನ್ನು ಎಳೆಯಬಾರದು. ಮಗುವಿನ ಹತ್ತಿರ ಕೂತು ಹಿಂಡಿದರೆ ಹಾಲು ಜಾಸ್ತಿ ಬರುತ್ತದೆ. ವಾರ್ಡಿನಲ್ಲಿ ಕೂತು ಹಿಂಡುವಾಗ ಮಗುವಿನ ಮೈಗೆ ಹೊದಿಸಿದ ಬಟ್ಟೆಯ ತುಂಡು ಹತ್ತಿರ ಇಟ್ಟುಕೊಂಡರೂ ಆಗುತ್ತದೆ.

ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅನ್ನುವುದು ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಬಾಯಾರಿದಷ್ಟು ನೀರು ಕುಡಿಯಲಿ, ಹೊಟ್ಟೆ ತುಂಬಾ ಉಣ್ಣಲಿ. ಇಬ್ಬರಿಗೆ ಹಾಲು ಆಗಬೇಕು.

ಹಾಲು ಈಗ ಬಾಯಿಂದ ಹೊಟ್ಟೆಗೆ ಹಾಕಿದ ಸಣ್ಣ ನಳಿಗೆಯಲ್ಲಿ ಹೋಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಮಾಡಲು ಮಗುವಿಗೆ ಬರುವುದು ಸುಮಾರು 34 ವಾರಕ್ಕೆ. ಅದಕ್ಕೆ ಮೊದಲು ಒತ್ತಾಯ ಮಾಡಬಾರದು. ನಳಿಗೆಯಿಂದ ಒಳಲೆಗೆ (ಹಾಲು ಕುಡಿಸುವ ಮೂತಿ ಇರುವ ಸಣ್ಣ ಬಟ್ಟಲು), ಒಳಲೆಯಿಂದ ಎದೆಗೆ. ದಾರಿ ಹೀಗೇ. ಬಾಟಲಿ ತರಬೇಡಿ.

ಮೊದಲ ವಾರ ತೂಕ ಇಳಿಯುತ್ತದೆ. ಗಾಬರಿ ಬೇಡ. ಹುಟ್ಟಿದ ತೂಕಕ್ಕೆ ವಾಪಸ್ ಬರಲು ಎರಡು ವಾರ ಹಿಡಿಯಬಹುದು.

ಕೊಪ್ಪದ ಅಜ್ಜಿ

ತಮ್ಮಾ, ನಿಮ್ಮ ಅತ್ತೆಗೆ ಹೇಳು, ನಾನೂ ಎಷ್ಟೋ ಬಾಣಂತನ ಮಾಡಿದವಳು ಅಂತ. ಅವರ ಮನಸ್ಸು ನನಗೆ ಅರ್ಥ ಆಗುತ್ತದೆ. ಮಗಳ ಹೊಟ್ಟೆ ಕೊಯ್ದಿದ್ದಾರೆ, ಬೆಚ್ಚಗೆ ಮಲಗಿಸಬೇಕು, ಬಿಸಿ ಬಿಸಿ ಉಣ್ಣಿಸಬೇಕು ಅಂತ ಅವರಿಗೆ ಆಸೆ. ಅದನ್ನು ಬೇಡ ಅನ್ನಬೇಡ. ಆದರೆ ಬಾಣಂತನ ನಿಟ್ಟೂರಲ್ಲೇ ಆಗಬೇಕು ಅಂತ ಎಲ್ಲಿದೆ? ನನ್ನ ಮೊಮ್ಮಕ್ಕಳು ಒಳಗಿದ್ದಾಗ ನಾವು ಆಸ್ಪತ್ರೆ ಹತ್ತಿರವೇ ಒಂದು ಕೋಣೆ ಹಿಡಿದೆವು. ಮೆಂತ್ಯದ ಲೇಹ ಮನೆಯಿಂದ ಬಂತು. ಬೆಳ್ಳುಳ್ಳಿ ಹಾಕಿದ ಸಾರು, ಅನ್ನ, ತುಪ್ಪ ಅಲ್ಲೇ ಮಾಡಿದೆ. ಸೊಸೆ ಮೂರು ಹೊತ್ತು ಉಂಡು ಮಕ್ಕಳ ಹತ್ತಿರ ಹೋಗುತ್ತಿದ್ದಳು. ಎಣ್ಣೆ ನೀರು ಎರಡು ತಿಂಗಳು ಬಿಟ್ಟು ಹಾಕಿದರೂ ಹಾಕಿದ ಹಾಗೇ.

ಇನ್ನೊಂದು ವಿಷಯ. ಒಳಗೆ ಹೋಗುವಾಗ ಬಳೆ, ಉಂಗುರ ತೆಗೆಯಿರಿ ಅಂತಾರೆ. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆ ಬಾಣಂತಿ ಕೈಯಿಂದ ತೆಗೆಯಬಾರದು ಅಂತ ನಮ್ಮ ಮನೆಯಲ್ಲೂ ಒಬ್ಬರು ಗಲಾಟೆ ಮಾಡಿದರು. ನಾನೇ ತೆಗೆಸಿದೆ. ಒಂದು ಡಬ್ಬಿಯಲ್ಲಿ ಹಾಕಿ ದೇವರ ಮುಂದೆ ಇಟ್ಟೆ. ಮಕ್ಕಳು ಮನೆಗೆ ಬಂದ ದಿನ ಮತ್ತೆ ತೊಡಿಸಿದೆ. ಬಳೆ ಸಂದಿಯಲ್ಲಿ ಕೊಳೆ ಕೂರುತ್ತದೆ, ಅಷ್ಟು ಸಣ್ಣ ಮಗುವಿಗೆ ಅದು ತಾಗಿದರೆ ಯಾರು ಹೊಣೆ? ದೇವರಿಗೆ ಅಷ್ಟೂ ಅರ್ಥ ಆಗದೆ ಇರುತ್ತದಾ?

ಭದ್ರಾವತಿ ಅಪ್ಪ

ಅಣ್ಣ, ಅಪ್ಪನ ಕೆಲಸ ಏನು ಅಂತ ಕೇಳಿದಿರಿ. ನಾನು ಮಾಡಿದ್ದು ಹೇಳುತ್ತೇನೆ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಎಡಗಡೆ ಪುಟ ಮಗನಿಗೆ, ಬಲಗಡೆ ಮಗಳಿಗೆ. ಇಬ್ಬರದೂ ಒಂದೇ ಪುಟದಲ್ಲಿ ಬೇಡ. ಡಾಕ್ಟರ್ ರೌಂಡ್ಸ್ ಎಷ್ಟು ಹೊತ್ತಿಗೆ ಅಂತ ತಿಳಿದುಕೊಂಡು ಆಗ ಅಲ್ಲೇ ಇರಿ. ತೂಕ, ಎಷ್ಟು ಹಾಲು, ಉಸಿರಿಗೆ ಏನು ಸಹಾಯ, ಯಾವ ಹೊಸ ಔಷಧಿ, ಯಾವ ಸ್ಕ್ಯಾನ್. ಅರ್ಥ ಆಗದಿದ್ದರೆ "ಸ್ವಲ್ಪ ಕನ್ನಡದಲ್ಲಿ ಹೇಳಿ ಸರ್" ಅಂತ ಕೇಳಿ. ಸಂಕೋಚ ಬೇಡ. ನಾನು ಕೇಳಲು ಶುರು ಮಾಡಿದ ಮೇಲೆ ಅವರೇ ನನ್ನನ್ನು ಹುಡುಕಿ ಹೇಳುತ್ತಿದ್ದರು.

ದುಡ್ಡಿನ ವಿಷಯವೂ ನಿಮ್ಮ ತಲೆ ಮೇಲೆಯೇ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲ ಉಚಿತ. ಇದು 2011ರಿಂದ ಇದೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ನವಜಾತ ಶಿಶುಗಳ ವಿಶೇಷ ಘಟಕ ಇದೆ. ಖಾಸಗಿಯಲ್ಲಿ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಇವತ್ತೇ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ಆಸ್ಪತ್ರೆ ಆ ಯೋಜನೆಯಲ್ಲಿ ಇದೆಯಾ, ರೆಫರಲ್ ಪತ್ರ ಬೇಕಾ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕ್ಕೆ ಆಸ್ಪತ್ರೆಯಲ್ಲಿ ಇರುವವರು) ಕೇಳಿ. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್ ಒಂದು ಕವರಿನಲ್ಲಿ ಇಟ್ಟುಕೊಳ್ಳಿ. ಬಿಲ್ ಕೈಗೆ ಬಂದ ಮೇಲೆ ಓಡಾಡಿದರೆ ಕಷ್ಟ.

ಮತ್ತೆ ಮಾನಿಟರ್ ನೋಡಬೇಡಿ. ನಂಬರ್ ನೋಡಿ ನೋಡಿ ನನಗೆ ನಿದ್ದೆಯೇ ಹೋಗಿತ್ತು. ಮಗುವನ್ನು ನೋಡಿ ಸಾಕು.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ಭದ್ರಾವತಿಯವರ ಕೊನೇ ಮಾತಿಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನೋಡಬೇಡಿ ಅಂದರೆ ಯಾವ ತಾಯಿಯ ಕಣ್ಣು ನಿಲ್ಲುತ್ತದೆ? ಗೊತ್ತಿಲ್ಲದೆ ನೋಡುವುದಕ್ಕಿಂತ ಗೊತ್ತು ಮಾಡಿಕೊಂಡು ನೋಡುವುದು ಒಳ್ಳೆಯದು. ಒಂದು ನಂಬರ್ ಹೃದಯದ ಬಡಿತ. ಇನ್ನೊಂದು ರಕ್ತದಲ್ಲಿ ಆಮ್ಲಜನಕ. ಆಮ್ಲಜನಕ ಕೊಡುತ್ತಿರುವ ಎಳೆ ಮಗುವಿಗೆ ಅದನ್ನು ಸಾಮಾನ್ಯವಾಗಿ 90ರಿಂದ 95ರ ಒಳಗೆ ಇಡಲು ನೋಡುತ್ತಾರೆ. ನೂರು ಇಲ್ಲವಲ್ಲ ಅಂತ ಹೆದರಬೇಡಿ. ಜಾಸ್ತಿ ಆಮ್ಲಜನಕ ಈ ಮಕ್ಕಳ ಕಣ್ಣಿಗೆ ಕೆಟ್ಟದ್ದು. ಅಲಾರಾಂ ಹೊಡೆದಾಗ ಎಷ್ಟೋ ಸಲ ಕಾಲಿಗೆ ಕಟ್ಟಿದ ಸೆನ್ಸರ್ ಜಾರಿರುತ್ತದೆ, ಅಷ್ಟೇ. ಮೊದಲು ಮಗುವಿನ ಬಣ್ಣ ನೋಡಿ, ಎದೆ ಏರಿ ಇಳಿಯುತ್ತಿದೆಯಾ ನೋಡಿ, ಸಿಸ್ಟರ್‌ಗೆ ಹೇಳಿ.

ಕೆಲವು ಸಲ ಮಗು ನಿಜವಾಗಿಯೂ ಉಸಿರು ನಿಲ್ಲಿಸುತ್ತದೆ. 20 ಸೆಕೆಂಡಿಗಿಂತ ಜಾಸ್ತಿ ನಿಂತರೆ ಅದಕ್ಕೆ ಆಪ್ನಿಯಾ ಅನ್ನುತ್ತಾರೆ. ಉಸಿರಾಡು ಅಂತ ಹೇಳುವ ಮೆದುಳಿನ ಭಾಗ ಇನ್ನೂ ಬಲಿತಿಲ್ಲ, ಅದಕ್ಕೆ ಹೀಗೆ. ಸಿಸ್ಟರ್ ಬಂದು ಪಾದ ಉಜ್ಜಿದರೆ ಹೆಚ್ಚಿನ ಸಲ ಮಗು ಮತ್ತೆ ಉಸಿರಾಡುತ್ತದೆ. ಕೆಫೀನ್ ಔಷಧಿಯನ್ನೂ ಕೊಡುತ್ತಾರೆ. ಹೆಚ್ಚಿನ ಮಕ್ಕಳಲ್ಲಿ 36-37 ವಾರದ ಹೊತ್ತಿಗೆ ಇದು ತಾನಾಗಿ ಹೋಗುತ್ತದೆ.

ತೀರ್ಥಹಳ್ಳಿಯಿಂದ

ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೇ ಹೋಗುವುದು. ಮಗಳು ವೆಂಟಿಲೇಟರ್ ಮೇಲೆ ಇದ್ದಾಳೆ ಅನ್ನುತ್ತೀರಿ. ದೊಡ್ಡ ಜಾಗಕ್ಕೆ ಹೋಗುವುದು ಒಳ್ಳೆಯದಲ್ವಾ? ಆಮೇಲೆ ಬೇಜಾರು ಮಾಡಿಕೊಳ್ಳಬಾರದು ಅಂತ ಹೇಳಿದೆ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ಕಾಳಜಿಯಿಂದ ಹೇಳಿದ್ದೀರಿ, ನಿಜ. ಆದರೆ ಹೀಗೆ ಸಾಗಿಸುವುದಾದರೆ ಒಳ್ಳೆಯ ಸಮಯ ಹೆರಿಗೆಗೆ ಮೊದಲು. ಅವಳಿ ಬಸಿರು, ಬೇಗ ನೋವು ಬಂತು ಅಂದರೆ ಮಕ್ಕಳು ಹೊಟ್ಟೆಯಲ್ಲಿರುವಾಗಲೇ ಎನ್‌ಐಸಿಯು ಇರುವ ಜಾಗಕ್ಕೆ ಹೋಗಬೇಕು. ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಕ್ಕಳ ಶ್ವಾಸಕೋಶ ಬೇಗ ಬಲಿಯುತ್ತದೆ. ಇದನ್ನು ಓದುತ್ತಿರುವ ಗರ್ಭಿಣಿಯರು ನೆನಪಿಡಿ.

ಹುಟ್ಟಿದ ಮೇಲೆ 1,100 ಗ್ರಾಂ ಮಗುವನ್ನು ವೆಂಟಿಲೇಟರ್ ಸಮೇತ ಘಾಟಿಯಲ್ಲಿ ಕರೆದೊಯ್ಯುವುದು ಸಣ್ಣ ಮಾತಲ್ಲ. ಮೈ ತಣ್ಣಗಾಗುತ್ತದೆ, ನಳಿಗೆ ಜಾರಬಹುದು, ಕುಲುಕಾಟ ತಲೆಗೆ ಒಳ್ಳೆಯದಲ್ಲ. ಈಗಿನ ಜಾಗದಲ್ಲಿ ಆಗದ ಕೆಲಸ ಇದ್ದರೆ, ಉದಾಹರಣೆಗೆ ಆಪರೇಷನ್ ಬೇಕಾದರೆ, ಡಾಕ್ಟರೇ ಹೇಳುತ್ತಾರೆ. ಆಗ ಸರಿಯಾದ ಆಂಬುಲೆನ್ಸ್, ಜೊತೆಗೆ ತರಬೇತಿ ಆದವರು ಇರಬೇಕು. ನೀವು ಡಾಕ್ಟರನ್ನು ನೇರವಾಗಿ ಕೇಳಿ: "ಇವಳಿಗೆ ಬೇಕಾದದ್ದು ಇಲ್ಲಿ ಏನಾದರೂ ಇಲ್ಲವಾ?" ಇಲ್ಲಿ ಎಲ್ಲ ಇದೆ ಅಂದರೆ ಅಲ್ಲೇ ಇರಲಿ. ಅವಳಿಗಳಲ್ಲಿ ಒಂದನ್ನು ಮಣಿಪಾಲದಲ್ಲಿ, ಒಂದನ್ನು ಶಿವಮೊಗ್ಗದಲ್ಲಿ ಇಟ್ಟರೆ ಹಾಲು ಕೊಡುವ ತಾಯಿ ಯಾವ ಕಡೆ ಇರಬೇಕು, ಅದನ್ನೂ ಯೋಚಿಸಿ.

ಹೊಸನಗರದ ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರನ್ನು ಕೇಳಿದೆ. ಇಲ್ಲೇ ಸಾಕು ಅಂದರು. ಮಗಳೂ ವೆಂಟಿಲೇಟರ್‌ನಿಂದ ಸಿ-ಪ್ಯಾಪ್‌ಗೆ ಬಂದಿದ್ದಾಳೆ. ಕೊಪ್ಪದ ಅಜ್ಜಿಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಈಗ ಹತ್ತಿರವೇ ಒಂದು ಕೋಣೆ ಹಿಡಿದಿದ್ದೇವೆ, ಅತ್ತೆಯೇ ಅಡುಗೆ ಮಾಡುತ್ತಿದ್ದಾರೆ.

ಮಗನನ್ನು ಕಾಂಗರೂ ಆರೈಕೆಗೆ, ಅಂದರೆ ಮೈಗೆ ಮೈ ತಾಗಿಸಿ ಎದೆಯ ಮೇಲೆ ಹಾಕಿಕೊಳ್ಳಲು, ಕೊಡುತ್ತೇವೆ ಅಂದಿದ್ದಾರೆ. ಮಗಳನ್ನು ಇನ್ನೂ ಕೊಟ್ಟಿಲ್ಲ. ಹೆಂಡತಿಗೆ ಇದೇ ದೊಡ್ಡ ಸಂಕಟ. ಮಗನ ಹತ್ತಿರ ಕೂತರೆ ಮಗಳ ಕಡೆ ನೋಡುತ್ತಾಳೆ, ಮಗಳ ಹತ್ತಿರ ನಿಂತರೆ ಮಗನನ್ನು ಬಿಟ್ಟು ಬಂದೆ ಅಂತಾಳೆ. ನೋಡಲು ಬಂದವರೂ ಹಾಗೇ. "ಇವನು ಪರವಾಗಿಲ್ಲ, ಇವಳೇ ಸ್ವಲ್ಪ..." ಅಂತ ಅರ್ಧಕ್ಕೆ ನಿಲ್ಲಿಸುತ್ತಾರೆ.

ತುಮರಿ ಅಕ್ಕ

ಆ ಅರ್ಧ ಮಾತು ನನಗೂ ಗೊತ್ತು. ಬಂದವರಿಗೆ ನೀವೇ ಹೇಳಿ, ಇಬ್ಬರನ್ನೂ ಹೋಲಿಸಬೇಡಿ ಅಂತ. ಅಷ್ಟು ಹೇಳುವ ಹಕ್ಕು ನಿಮಗಿದೆ. ಒಟ್ಟಿಗೆ ಹುಟ್ಟಿದ ಮಾತ್ರಕ್ಕೆ ಒಟ್ಟಿಗೆ ಗುಣ ಆಗಬೇಕು ಅಂತ ಇಲ್ಲ. ಒಂದೇ ಪಾತಿಯಲ್ಲಿ ನೆಟ್ಟ ಎರಡು ಅಡಿಕೆ ಸಸಿಗಳೂ ಒಂದೇ ದಿನ ಗರಿ ಬಿಡುವುದಿಲ್ಲ ಅಲ್ವಾ. ಮಗಳಿಗೆ ಮಗನ ಜೊತೆ ಸ್ಪರ್ಧೆ ಇಲ್ಲ. ಅವಳ ನಿನ್ನೆಯ ಜೊತೆ ಅವಳ ಇವತ್ತನ್ನು ನೋಡಿ.

ಸಿಸೇರಿಯನ್ ಆದವಳು ಎರಡು ಕಡೆ ಓಡುವುದು ಆಗುವುದಿಲ್ಲ. ಒಬ್ಬರ ಹತ್ತಿರ ಅವಳಿದ್ದರೆ ಇನ್ನೊಬ್ಬರ ಹತ್ತಿರ ನೀವಿರಿ. ಆಮೇಲೆ ಬದಲಾಯಿಸಿಕೊಳ್ಳಿ. ಮಗಳನ್ನು ಎತ್ತಿಕೊಳ್ಳಲು ಆಗದಿದ್ದರೂ ಮುಟ್ಟಬಹುದು. ಸವರಬೇಡಿ, ಅಷ್ಟು ಎಳೆಯ ಚರ್ಮಕ್ಕೆ ಅದು ಕಿರಿಕಿರಿ. ಬೆಚ್ಚಗಿನ ಅಂಗೈಯನ್ನು ಒಂದು ತಲೆಯ ಮೇಲೆ, ಒಂದು ಪಾದದ ಮೇಲೆ ಸುಮ್ನೆ ಇಟ್ಟುಕೊಂಡಿರಿ. ಮೆಲ್ಲಗೆ ಮಾತಾಡಿ. ಕಾಲಿನ ಪಟ್ಟಿಯಲ್ಲಿ ಟ್ವಿನ್ ಒನ್, ಟ್ವಿನ್ ಟೂ ಅಂತ ಬರೆದಿರುತ್ತಾರೆ. ನಾಮಕರಣ ಆಗದಿದ್ದರೂ ಮನೆಯಲ್ಲಿ ಕರೆಯಲು ಒಂದೊಂದು ಮುದ್ದಿನ ಹೆಸರು ಇಟ್ಟುಕೊಳ್ಳಿ. ಸಿಸ್ಟರ್‌ಗಳೂ ಅದರಲ್ಲೇ ಕರೆಯುತ್ತಾರೆ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ಕಾಂಗರೂ ಆರೈಕೆ ಅಂದರೆ ಬಡವರ ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಅಂತ ಕೆಲವರು ತಿಳಿದಿದ್ದಾರೆ. ಶುರುವಾದದ್ದು ಹಾಗೇ ಇರಬಹುದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್‌ಗಳು ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿದರು. ಈಗ ಅದು ಎಲ್ಲ ಸಣ್ಣ ಮಕ್ಕಳಿಗೂ ಬೇಕಾದ ಚಿಕಿತ್ಸೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ 2021ರಲ್ಲಿ ಬಂತು. ಮಗು ಪೂರ್ತಿ ಚೇತರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಮೊದಲ ತಿಂಗಳಲ್ಲಿ ಸಾಯುವ ಸಂಭವ ನಾಲ್ಕನೇ ಒಂದರಷ್ಟು ಕಡಿಮೆ ಆಯಿತು. 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯ ತನಕ ಚೆನ್ನಾಗಿ ಮಾಡಿ ತೋರಿಸಿದ್ದಾರೆ. ಸಿ-ಪ್ಯಾಪ್ ಇದ್ದರೂ ಮಗು ಸ್ಥಿರವಾಗಿದ್ದರೆ ಮಾಡಬಹುದು. ಹಾಗಾಗಿ ಮಗಳಿಗೆ ಯಾವಾಗ ಅಂತ ದಿನವೂ ಕೇಳುತ್ತಿರಿ.

ಮಾಡುವ ಕ್ರಮ ಇಷ್ಟು. ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಎದೆಗಳ ನಡುವೆ ನೆಟ್ಟಗೆ, ಮೈಗೆ ಮೈ ತಾಗಿಸಿ. ಕಾಲು ಕಪ್ಪೆಯ ಹಾಗೆ ಮಡಿಸಿರಬೇಕು. ಕುತ್ತಿಗೆ ಮುಂದಕ್ಕೆ ಬಗ್ಗಬಾರದು, ಮುಖ ಒಂದು ಪಕ್ಕಕ್ಕೆ ತಿರುಗಿ ಮೂಗು ಕಾಣುತ್ತಿರಬೇಕು. ಮೇಲೆ ಬಟ್ಟೆ ಕಟ್ಟಿ. ಒಂದು ಸಲ ಕೂತರೆ ಕನಿಷ್ಠ ಒಂದು ಗಂಟೆ ಏಳಬೇಡಿ, ಪದೇ ಪದೇ ಎತ್ತಿ ಇಳಿಸಿದರೆ ಮಗು ಸುಸ್ತಾಗುತ್ತದೆ. ಅವಳಿಗಳಾದರೆ ಅಪ್ಪನೂ ಅಂಗಿ ಬಿಚ್ಚಿ ಕೂರಬೇಕು. ಅಜ್ಜಿಯೂ ಕೂರಬಹುದು. ಮೈ ಬಿಸಿ ಯಾರದ್ದಾದರೂ ಆಗುತ್ತದೆ.

ಶೃಂಗೇರಿ ಕಡೆಯ ಅಮ್ಮ

ಇಲ್ಲಿ ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ನನಗೂ ಅವಳಿ ಹೆಣ್ಣುಮಕ್ಕಳು. ಒಬ್ಬಳು ಮನೆಗೆ ಬಂದಳು, ಒಬ್ಬಳು ಎನ್‌ಐಸಿಯುನಲ್ಲೇ ಹೋದಳು. ಹೊಸನಗರದವರನ್ನು ಹೆದರಿಸಲು ಬರೆಯುತ್ತಿಲ್ಲ. ಅವರ ಮಕ್ಕಳು ಚೆನ್ನಾಗಿ ಬರುತ್ತಾರೆ. ನನ್ನಂಥವರು ಇದನ್ನು ಸುಮ್ನೆ ಓದಿ ಹೋಗುತ್ತಿರುತ್ತಾರೆ ಅಂತ ನನಗೆ ಗೊತ್ತು, ಅವರಿಗಾಗಿ ಬರೆಯುತ್ತಿದ್ದೇನೆ.

"ಒಂದಾದರೂ ಉಳಿಯಿತಲ್ಲ" ಅಂತ ಎಲ್ಲರೂ ಅಂದರು. ಸಮಾಧಾನಕ್ಕೇ ಹೇಳುತ್ತಾರೆ. ಆದರೆ ಉಳಿದವಳನ್ನು ನೋಡಿ ಖುಷಿ ಪಡುವುದು, ಹೋದವಳಿಗಾಗಿ ಅಳುವುದು ಎರಡೂ ಒಂದೇ ದಿನ, ಒಂದೇ ಗಂಟೆಯಲ್ಲಿ ಆಗುತ್ತದೆ. ಎರಡೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ. ಹೋದವಳನ್ನು ನಾನೂ ಎದೆಗೆ ಹಾಕಿಕೊಂಡಿದ್ದೆ, ಅವಳಿಗೂ ನನ್ನ ಹಾಲು ಹೋಗಿತ್ತು. ಎಷ್ಟು ಮಕ್ಕಳು ಅಂತ ಕೇಳಿದರೆ ಈಗಲೂ ಇಬ್ಬರು ಅಂತಲೇ ಹೇಳುತ್ತೇನೆ.

ತುಮರಿ ಅಕ್ಕ

ಅಕ್ಕಾ, ಬರೆದದ್ದು ಒಳ್ಳೆಯದಾಯಿತು. ನಿಮಗೆ ಇಬ್ಬರು ಹೆಣ್ಣುಮಕ್ಕಳು.

ಹೊಸನಗರದ ಅಪ್ಪ

ಶೃಂಗೇರಿ ಅಮ್ಮ, ನಿಮ್ಮ ಮಾತನ್ನು ನಾವಿಬ್ಬರೂ ಕೂತು ಓದಿದೆವು. ನಿಮಗೆ ನಮಸ್ಕಾರ.

ನಮ್ಮ ಸುದ್ದಿ: ಮಗಳೂ ಕಾಂಗರೂ ಆರೈಕೆಗೆ ಬಂದಳು. ಒಬ್ಬ ನನ್ನ ಎದೆ ಮೇಲೆ, ಒಬ್ಬಳು ಹೆಂಡತಿಯ ಎದೆ ಮೇಲೆ. ಅತ್ತೆಯೂ ನಾನು ಕೂರುತ್ತೇನೆ ಅಂತ ಸರದಿ ಕೇಳುತ್ತಾರೆ. ಮಗ ಒಳಲೆಯಲ್ಲಿ ಕುಡಿಯುತ್ತಾನೆ, ಎದೆಗೂ ಬಾಯಿ ಹಾಕುತ್ತಾನೆ. ಇನ್ನು ಸ್ವಲ್ಪ ದಿನದಲ್ಲಿ ಮಗನನ್ನು ಮನೆಗೆ ಕಳಿಸಬಹುದು, ಮಗಳಿಗೆ ಇನ್ನೂ ಬೇಕು ಅನ್ನುತ್ತಿದ್ದಾರೆ. ಒಬ್ಬ ಮನೆಯಲ್ಲಿ, ಒಬ್ಬಳು ಇಲ್ಲಿ ಆದರೆ ಹೇಗೆ? ಮನೆಗೆ ಹೋದ ಮೇಲೆ ಏನು ನೋಡಿಕೊಳ್ಳಬೇಕು? ನಮ್ಮ ಕಡೆ ಮಳೆ ಶುರುವಾಗಿದೆ.

ಭದ್ರಾವತಿ ಅಪ್ಪ

ನಮಗೂ ಹೀಗೇ ಆಯಿತು. ನಾವು ಮೊದಲು ಬಂದ ಮಗುವನ್ನು ಊರಿಗೆ ಕರೆದುಕೊಂಡು ಹೋಗಲಿಲ್ಲ. ಕೋಣೆ ಹೇಗೂ ಹಿಡಿದಿದ್ದೀರಿ, ಅದೇ ಈಗ ಮನೆ. ಮಗನನ್ನು ಅತ್ತೆ ಎದೆಗೆ ಕಟ್ಟಿಕೊಂಡಿರಲಿ, ನಿಮ್ಮ ಹೆಂಡತಿ ಮಗಳಿಗೆ ಹಾಲು ಕೊಟ್ಟು ಬರಲಿ. ಮಗನಿಗೆ ಒಂದಷ್ಟು ಹಾಲು ಹಿಂಡಿಟ್ಟು ಹೋಗಬಹುದು. ಡಾಕ್ಟರಿಗೆ ನಿಮ್ಮ ಊರು ಎಷ್ಟು ದೂರ ಅಂತ ಬಿಡಿಸಿ ಹೇಳಿ. ಜಾಗ ಇದ್ದರೆ ಎರಡು ದಿನ ಮುಂದೆ ಹಾಕಿ ಇಬ್ಬರನ್ನೂ ಒಟ್ಟಿಗೆ ಕಳಿಸುವವರೂ ಇದ್ದಾರೆ. ಕೇಳಿದರೆ ತಪ್ಪಿಲ್ಲ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ಹೊರಡುವ ಮೊದಲು ಒಂದು ವಿಷಯ ಖಂಡಿತ ಕೇಳಿ: ಕಣ್ಣಿನ ಪರೀಕ್ಷೆ. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಒಳಪದರದ ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ. ಅದು ಅಡ್ಡಾದಿಡ್ಡಿ ಬೆಳೆದರೆ ಆರ್‌ಒಪಿ ಅನ್ನುವ ತೊಂದರೆ, ಕಣ್ಣೇ ಹೋಗಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದವರಿಗೆ ಅಥವಾ 2 ಕೆಜಿಗಿಂತ ಕಡಿಮೆ ಇದ್ದವರಿಗೆ ಹುಟ್ಟಿದ 30 ದಿನದ ಒಳಗೆ ಮೊದಲ ಪರೀಕ್ಷೆ ಆಗಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ. ನಿಮ್ಮ ಮಗಳು 1,200 ಗ್ರಾಂಗಿಂತ ಕಡಿಮೆ ಇದ್ದವಳು, ಅವಳದ್ದು ಆಗಿದೆಯಾ ಅಂತ ಇವತ್ತೇ ಕೇಳಿ. ಬೇಗ ಗೊತ್ತಾದರೆ ಲೇಸರ್ ಮಾಡಿ ಕಣ್ಣು ಉಳಿಸುತ್ತಾರೆ. 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಅಂತ ಒಂದು ಕೆಲಸ ನಡೆಸುತ್ತಿದ್ದಾರೆ. ತರಬೇತಿ ಆದವರು ಕ್ಯಾಮೆರಾ ಹಿಡಿದು ಬೇರೆ ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದ ನೋಡಿ ಹೇಳುತ್ತಾರೆ. ಒಂದು ಸಲ ಸರಿ ಇದೆ ಅಂದರೂ ಮತ್ತೆ ಬನ್ನಿ ಅಂದ ದಿನ ಹೋಗಲೇಬೇಕು. ಮಳೆ, ಕೊಯ್ಲು, ಮದುವೆ ಯಾವುದೂ ಅಡ್ಡ ಬರಬಾರದು. ಕಿವಿಯ ಪರೀಕ್ಷೆಯನ್ನೂ ಮರೆಯಬೇಡಿ.

ಕೊಪ್ಪದ ಅಜ್ಜಿ

ಮಳೆಗಾಲದ ಮನೆ ವಿಷಯ ನಾನು ಹೇಳುತ್ತೇನೆ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ನಮ್ಮ ಕಾಲದಲ್ಲಿ ಇಟ್ಟಿದ್ದೆವು, ಈಗ ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ವಿಷ ಅಂತ ಡಾಕ್ಟರ್ ಹೇಳಿದರು. ಲೋಬಾನದ ಹೊಗೆಯೂ ಬೇಡ, ಆ ಶ್ವಾಸಕೋಶ ತಡೆಯುವುದಿಲ್ಲ. ಜೇನುತುಪ್ಪ, ಬಜೆ, ಸುತ್ತುಖಾರ ಏನೂ ನೆಕ್ಕಿಸಬೇಡಿ. ಹಾಲು ಒಂದೇ. ಮಗು ಎರಡು, ಎರಡೂವರೆ ಕೆಜಿ ಆಗುವ ತನಕ ಮೀಸುವುದೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಣ್ಣೆ ನೀರಿನ ಆಸೆ ಇದ್ದರೆ ಡಾಕ್ಟರ್ ಹೂಂ ಅಂದ ಮೇಲೆ.

ಬಟ್ಟೆ ಒಣಗುವುದಿಲ್ಲ, ಅದೇ ನಮ್ಮ ಕಡೆ ಕಷ್ಟ. ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ. ಹಳೇ ಕಾಟನ್ ಸೀರೆ, ಪಂಚೆ ಹರಿದು ಜಾಸ್ತಿ ಬಟ್ಟೆ ಮಾಡಿಟ್ಟುಕೊಳ್ಳಿ, ಇಸ್ತ್ರಿ ಹಾಕಿ ಒಣಗಿಸಿ. ಕರೆಂಟ್ ಎರಡು ದಿನ ಹೋದರೂ ಹೆದರಬೇಡಿ. ಎದೆಗೆ ಕಟ್ಟಿಕೊಂಡು ಮೇಲೆ ಕಂಬಳಿ ಹೊದ್ದರೆ ಮಗು ಬೆಚ್ಚಗೇ ಇರುತ್ತದೆ. ನೋಡಲು ಬರುವವರಿಗೆ ಕೆಮ್ಮು ಶೀತ ಇದ್ದರೆ ಅಂಗಳದಿಂದಲೇ ಕಾಫಿ ಕೊಟ್ಟು ಕಳಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

ಅಜ್ಜಿ ಹೇಳಿದ್ದೆಲ್ಲ ಸರಿ. ಇದಿಷ್ಟು ಗೋಡೆಗೆ ಬರೆದು ಅಂಟಿಸಿ. ಮಗು ಹಾಲು ಬಿಟ್ಟರೆ, ಅಂಗಾಲು ಮತ್ತು ಹೊಟ್ಟೆ ತಣ್ಣಗಾದರೆ ಅಥವಾ ಜ್ವರ ಬಂದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿ ಆದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ದಾರಿಯಲ್ಲೂ ಎದೆಗೆ ಕಟ್ಟಿಕೊಂಡೇ ಬನ್ನಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಈಗಲೇ ಸುದ್ದಿ ಕೊಡಿ, ಅವರು ಮನೆಗೆ ಬಂದು ತೂಕ ನೋಡುತ್ತಾರೆ.

ಸಾಗರದಿಂದ

ನಾನು ಮಧ್ಯೆ ಒಂದು ಪ್ರಶ್ನೆ ಕೇಳಬಹುದಾ? ನನ್ನ ತಂಗಿಯ ಅವಳಿಗಳೂ 31 ವಾರದವರು. ಆರು ತಿಂಗಳಾಯಿತು, ಇನ್ನೂ ಮಗುಚಿಲ್ಲ ಅಂತ ಮನೆಯಲ್ಲಿ ಎಲ್ಲರೂ ಚಿಂತೆ ಮಾಡುತ್ತಿದ್ದಾರೆ.

ಮಕ್ಕಳ ವಾರ್ಡಿನ ಸಿಸ್ಟರ್ (ಈಗ ನಿವೃತ್ತಿ)

40 ವಾರಕ್ಕೆ 9 ವಾರ ಮೊದಲು ಹುಟ್ಟಿದ್ದಾರೆ. ಆ 9 ವಾರ ಕಳೆಯಿರಿ. ಬೆಳವಣಿಗೆಯ ಲೆಕ್ಕಕ್ಕೆ ಅವರಿಗೆ ಈಗ ಸುಮಾರು ನಾಲ್ಕು ತಿಂಗಳು. ಎರಡು ವರ್ಷದ ತನಕ ಹೀಗೇ ಲೆಕ್ಕ ಹಾಕಿ. ನಾಲ್ಕು ತಿಂಗಳ ಮಗು ಮಗುಚದಿದ್ದರೆ ಯಾರೂ ಚಿಂತೆ ಮಾಡುವುದಿಲ್ಲ. ಕುತ್ತಿಗೆ ನಿಂತಿದೆಯಾ, ಮುಖ ನೋಡಿ ನಗುತ್ತಾರಾ, ಕೈಕಾಲು ತುಂಬಾ ಬಿಗಿ ಅಥವಾ ತುಂಬಾ ಸಡಿಲ ಇಲ್ಲವಲ್ಲ ಅಂತ ನೋಡಿ. ಸಂಶಯ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಲಸಿಕೆಗೆ ಮಾತ್ರ ಕಳೆಯಬೇಡಿ. ಅದು ಹುಟ್ಟಿದ ತಾರೀಖಿನ ಲೆಕ್ಕದಲ್ಲೇ ಹೋಗಬೇಕು.

ಹೊಸನಗರದ ಅಪ್ಪ

ಸಿಸ್ಟರ್, ಮಗಳ ಕಣ್ಣಿನ ಪರೀಕ್ಷೆ ಕೇಳಿದೆ. ಈ ವಾರ ಇಬ್ಬರದ್ದೂ ಮಾಡುತ್ತಾರಂತೆ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬರೆದುಕೊಟ್ಟಿದ್ದಾರೆ. ಭದ್ರಾವತಿ ಅಣ್ಣ ಹೇಳಿದ ಹಾಗೆ ಮಗನದ್ದು ಎಡಗಡೆ, ಮಗಳದ್ದು ಬಲಗಡೆ ಅಂಟಿಸಿದ್ದೇನೆ. ಡಿಸ್ಚಾರ್ಜ್ ಬಗ್ಗೆ ನಾಳೆ ರೌಂಡ್ಸ್‌ನಲ್ಲಿ ಕೇಳಿ ಇಲ್ಲೇ ತಿಳಿಸುತ್ತೇನೆ.